ಪ್ರಶಸ್ತಿ ಗೆದ್ದ ನೀರು

ನಮ್ಮ ವಸತಿ ಸಮುಚ್ಚಯದ ಹೆಸರು ‘ಸ್ಫಟಿಕ ರಿವರ್ ವ್ಯೂ’. ಇದರಲ್ಲಿ ಸ್ಫಟಿಕ ಯಾವುದೆಂದು ಬಿಲ್ಡರನ್ನು ಕೇಳುವ ಧೈರ್ಯ ಇಂದಿನವರೆಗೆ ಯಾರಿಗೂ ಬಂದಿಲ್ಲ. ರಿವರ್ ಮಾತ್ರ ನಿಜವಾಗಿಯೂ ಇದೆ. ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಏಣಿ ಹತ್ತಿ, ಬಂದರಿನ ಗೋದಾಮುಗಳ ಶೀಟಿನ ಮೇಲಿಂದ ಕತ್ತು ಚಾಚಿದರೆ ಫಲ್ಗುಣಿ ನದಿ ಅಂಗೈಯಗಲ ಕಾಣಿಸುತ್ತದೆ. ನಾವು ನದಿಯನ್ನು ನೋಡುವುದು ಅಪರೂಪವಾದರೂ ನದಿ ನಮ್ಮನ್ನು ದಿನವೂ ಕಾಣುತ್ತದೆ. ಮೂವತ್ತಾರು ಮನೆಗಳ ಸ್ನಾನದ ನೀರು, ಪಾತ್ರೆ ತೊಳೆದ ನೀರು ಮತ್ತು ಸಭ್ಯರು ಹೆಸರು ಹೇಳದ ಇನ್ನಿತರ ನೀರು ಹಿಂಬದಿಯ ತೋಡಿಗೆ ಬಿದ್ದು, ಸೀದಾ ಅಲ್ಲಿಗೇ ಹೋಗಿ ಸೇರುತ್ತದೆ.

ಸೇರುವ ಮೊದಲು ಅದನ್ನು ಶುದ್ಧ ಮಾಡಲೆಂದು ನೆಲಮಾಳಿಗೆಯಲ್ಲಿ ಒಂದು ಘಟಕ ಇದೆ. ಎಲ್ಲರೂ ಅದನ್ನು ಎಸ್‌ಟಿಪಿ ಎನ್ನುತ್ತಾರೆ. ಆ ಮೂರು ಅಕ್ಷರಗಳ ವಿಸ್ತಾರ ಗೊತ್ತಿದ್ದವರು ನಮ್ಮಲ್ಲಿ ನಾಲ್ಕೈದು ಜನ. ಅದು ನಡೆಯುತ್ತಿದೆಯೇ ಇಲ್ಲವೇ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬರು ಪಂಪು ನೋಡಿಕೊಳ್ಳುವ ಚನಿಯಣ್ಣ, ಇನ್ನೊಬ್ಬರು ಅಸೋಸಿಯೇಶನ್ನಿನ ಅಧ್ಯಕ್ಷ ಸೈಮನ್ ಸರ್. ಮೂರನೆಯವರೊಬ್ಬರಿಗೆ ಗೊತ್ತಿರಲೇಬೇಕೆಂದು ನಾವೆಲ್ಲ ನಂಬಿದ್ದೆವು. ಅವರೇ ಇನ್ನೂರ ನಾಲ್ಕನೇ ಮನೆಯ ಎಂಜಿನಿಯರ್ ರವೂಫಾಕ.

ರವೂಫಾಕ ಎಂಜಿನಿಯರ್ ಆದದ್ದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ಸೌದಿಯ ಜುಬೈಲಿನ ಒಂದು ದೊಡ್ಡ ನೀರು ಶುದ್ಧೀಕರಣದ ಪ್ಲಾಂಟಿನಲ್ಲಿ ಅವರು ಇಪ್ಪತ್ತೆರಡು ವರ್ಷ ಇದ್ದರು. ಮನೆಯ ಹಜಾರದಲ್ಲಿ ಅವರ ಆಗಿನ ಫೋಟೋ ಇದೆ. ತಲೆಯಲ್ಲಿ ಹಳದಿ ಹೆಲ್ಮೆಟ್, ಮೈಮೇಲೆ ನೀಲಿ ಅಂಗಿ, ಹಿಂದೆ ಬೆಟ್ಟದಂತಹ ಬಿಳಿ ಟ್ಯಾಂಕುಗಳು. ಆ ಪ್ಲಾಂಟಿನ ಗೇಟಿನೊಳಗೆ ಕಾಲಿಡುವ ಎಲ್ಲರೂ ಹೆಲ್ಮೆಟ್ ಹಾಕಬೇಕಿತ್ತು, ಮುನ್ನೂರು ಜನರ ಬಿರಿಯಾನಿಯ ಡೇಗನ್ನು ಹೊತ್ತುಕೊಂಡು ಹೋಗುವವರೂ ಸಹ. ರವೂಫಾಕ ಆ ಡೇಗಿನ ಯಜಮಾನರು. ಅಲ್ಲಿನ ಮೆಸ್ಸಿನ ಮುಖ್ಯ ಅಡಿಗೆಯವರು.

‘ನಾನು ಎಂಜಿನಿಯರ್’ ಎಂದು ಅವರು ಯಾರಿಗೂ ಹೇಳಿದವರಲ್ಲ. ‘ಪ್ಲಾಂಟಿನಲ್ಲಿದ್ದೆ’ ಎಂದರು, ಅಷ್ಟೆ. ಉಳಿದದ್ದನ್ನು ಫೋಟೋ ನೋಡಿ ನಾವು ಸೇರಿಸಿಕೊಂಡೆವು. ಲಿಫ್ಟಿನಲ್ಲಿ ಒಬ್ಬರು ‘ನಮಸ್ಕಾರ ಎಂಜಿನಿಯರ್ರೇ’ ಎಂದರು, ಇವರು ನಕ್ಕರು. ಪುಕ್ಕಟೆ ಸಿಕ್ಕಿದ ಪದವಿಯನ್ನು ಹಿಂತಿರುಗಿಸಲು ಯಾವ ಕೌಂಟರಿನಲ್ಲಿ ಕ್ಯೂ ನಿಲ್ಲಬೇಕು ಎಂದು ನಮ್ಮಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ಹೆಂಡತಿ ನಾಝಿಮಾ ಮಾತ್ರ, ಯಾರಾದರೂ ಹಾಗೆ ಕರೆದಾಗಲೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಎಷ್ಟು ನಾಚಿಕೆಯ ಹೆಂಗಸು ಎಂದು ನಾವು ಮೆಚ್ಚಿಕೊಂಡಿದ್ದೆವು.

ಈ ಪದವಿಯ ಮೊದಲ ಉಪಯೋಗ ಆದದ್ದು ವಾರಿಜಕ್ಕನ ಮೇಲೆ.

ವಾರಿಜಾಕ್ಷಿ ನದಿಯಾಚೆಯ ಬೆಂಗ್ರೆಯವರು. ನದಿ ಇಳಿತದಲ್ಲಿರುವಾಗ ಎದೆಮಟ್ಟ ನೀರಿನಲ್ಲಿ ನಿಂತು, ಕಾಲಿನಲ್ಲಿ ತಡಕಿ, ಮುಳುಗಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಆ ಚಿಪ್ಪುಗಳ ಬುಟ್ಟಿ ಹೊತ್ತು ದೋಣಿಯಲ್ಲಿ ಬಂದರಿಗೆ ದಾಟಿ, ನಮ್ಮಲ್ಲಿಗೆ ನಡೆದು ಬರುತ್ತಾರೆ. ಹನ್ನೊಂದು ವರ್ಷಗಳಿಂದ ಅವರ ಅರ್ಧ ಬುಟ್ಟಿ ನಮ್ಮ ಮೂವತ್ತಾರು ಮನೆಗಳಲ್ಲೇ ಖಾಲಿಯಾಗುತ್ತಿತ್ತು. ಕಳೆದ ಮಳೆಗಾಲದ ನಂತರ ನಮ್ಮಲ್ಲಿ ಮನೆಗೊಬ್ಬರಂತೆ ಹೊಟ್ಟೆ ಕೆಡಿಸಿಕೊಂಡರು. ಡಾಕ್ಟರರು ನೀರು ಸರಿಯಿದೆಯೇ ಎಂದು ಕೇಳಿದರು. ನಮಗೆ ಸಿಟ್ಟು ಬಂತು. ನಮ್ಮ ಬಾವಿ ನೀರಿನ ವಿಷಯದಲ್ಲಿ ನಾವು ಯಾರ ಮಾತನ್ನೂ ಕೇಳುವವರಲ್ಲ. ಎಪ್ರಿಲಿನಲ್ಲಿ ಊರಿಗೆಲ್ಲ ಎರಡು ದಿನಕ್ಕೊಮ್ಮೆ ನೀರು ಬರುವಾಗಲೂ ನಮ್ಮ ಬಾವಿ ಬತ್ತಿದ್ದಿಲ್ಲ.

“ನೀರಲ್ಲ, ಇದು ಮರುವಾಯಿ,” ಎಂದು ಸಭೆಯಲ್ಲಿ ಸೈಮನ್ ಸರ್ ತೀರ್ಪು ಕೊಟ್ಟರು. “ಆ ನದಿಯಲ್ಲಿ ಎಂತೆಂತ ಕಸ ಬರ್ತದೆ ಗೊತ್ತುಂಟಾ? ಯಾರ್ಯಾರ ಮನೆಯದ್ದೋ!”

ಯಾರ್ಯಾರ ಮನೆಯದ್ದು ಎಂದು ಯಾರೂ ಕೇಳಲಿಲ್ಲ. ‘ಕಲ್ಮಶಯುಕ್ತ ಮರುವಾಯಿ ಮಾರಾಟ ನಿಷೇಧಿಸಲಾಗಿದೆ’ ಎಂಬ ನೋಟಿಸು ಗೇಟಿಗೆ ಬಿತ್ತು. ತಾಂತ್ರಿಕ ಸಲಹೆಗಾರರ ಸಹಿ ಇದ್ದರೆ ತೂಕ ಬರುತ್ತದೆಂದು ರವೂಫಾಕರ ಸಹಿ ಹಾಕಿಸಿದರು. ಅವರು ಒಂದು ಕ್ಷಣ ಅನುಮಾನಿಸಿದರು. ಆದರೆ ಪೆನ್ನು ಕೊಟ್ಟವರು ‘ಎಂಜಿನಿಯರ್ರೇ, ಇಲ್ಲಿ’ ಎಂದರು. ಅವರ ಕೆಳಗೆ ನಾನೂ ಸಹಿ ಹಾಕಿದೆ, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂದು ವಾರಿಜಕ್ಕ ಬಂದಾಗ ನೋಟಿಸು ಓದಿ ಹೇಳಿದವರು ನಾಝಿಮಾ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ ಅದನ್ನೂ ತಂದಿದ್ದರು. ವಾರಿಜಕ್ಕ ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿನ ಚೆಂಬನ್ನು ಹಾಗೆಯೇ ಇಟ್ಟರು.

“ನೀರು ಬೇಡ ಅಕ್ಕ. ನಿಮ್ಮ ಬಾವಿಗೆ ಈಗ ತೋಡಿನ ವಾಸನೆ ಉಂಟು,” ಎಂದರು. ಆಮೇಲೆ ಮೇಲಿನ ಬಾಲ್ಕನಿಗಳಿಗೆಲ್ಲ ಕೇಳುವ ಹಾಗೆ, “ಮರುವಾಯಿಗೆ ವಿಷ ತಾಗಿದ್ರೆ ಅದೇ ಮೊದ್ಲು ಸಾಯ್ತದೆ, ಮತ್ತೆ ನೀವು! ನಿಮ್ಮ ತೋಡಿನ ಬಾಯಲ್ಲಿ ಈಗ ಒಂದೂ ಇಲ್ಲ. ನಾನು ಆಚೆ ಕಡಲಿನ ಹತ್ರದಿಂದ ಹೆಕ್ಕಿ ತರುದು. ಯಾರದ್ದು ಕಲ್ಮಶ ಅಂತ ನಿಮ್ಮ ಎಂಜಿನಿಯರ್ ಹತ್ರ ಕೇಳಿ!” ಎಂದು ಬುಟ್ಟಿ ತಲೆಗೇರಿಸಿದರು.

ನಾವು ಯಾರೂ ಕೇಳಲಿಲ್ಲ. ಎಂಜಿನಿಯರ್ ಬಾಗಿಲು ಹಾಕಿಕೊಂಡಿದ್ದರು.

ಇದಾಗಿ ಒಂದು ತಿಂಗಳಿಗೆ ‘ನದಿ ನಿರ್ಮಲ ಕೋಶ’ ಎಂಬ ಹೊಸ ಕಚೇರಿಯಿಂದ ಮುಖೇಶ್ ಎಂಬ ಅಧಿಕಾರಿ ಬಂದರು. ನದಿಗೆ ನೀರು ಬಿಡುವ ಕಟ್ಟಡಗಳ ಶುದ್ಧೀಕರಣ ಘಟಕಗಳನ್ನು ಪರೀಕ್ಷಿಸುವುದು ಅವರ ಕೆಲಸ. ಆದರೆ ಘಟಕಗಳು ನೆಲಮಾಳಿಗೆಯಲ್ಲಿರುತ್ತವೆ, ನೆಲಮಾಳಿಗೆಯಲ್ಲಿ ಸೊಳ್ಳೆಯಿರುತ್ತದೆ. ಆದ್ದರಿಂದ ಕಚೇರಿ ‘ಸ್ವಯಂ ಮಾದರಿ ಯೋಜನೆ’ಯನ್ನು ರೂಪಿಸಿತ್ತು. ಅಂದರೆ ಪ್ರತಿ ಕಟ್ಟಡದವರು ತಮ್ಮ ಹೊಲಸನ್ನು ತಾವೇ ಬಾಟಲಿಯಲ್ಲಿ ತುಂಬಿಸಿ ತಂದುಕೊಡಬೇಕು. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆಯನ್ನೂ ಮಾಡಿ ತರುವ ಈ ಪದ್ಧತಿಯಲ್ಲಿ ಯಾರೂ ನಪಾಸಾಗಿರಲಿಕ್ಕಿಲ್ಲ ಎಂದು ನೀವು ಭಾವಿಸಬಹುದು. ಆದರೆ ನಮ್ಮ ಊರಿನವರ ಪ್ರಾಮಾಣಿಕತೆಯೋ ಸೋಮಾರಿತನವೋ, ಅಲ್ಲಿಯವರೆಗೆ ಮಾದರಿ ಕೊಟ್ಟ ನಲವತ್ತೊಂದು ಕಟ್ಟಡಗಳೂ ನಪಾಸಾಗಿದ್ದವು.

ಮುಖೇಶ್ ಸರ್ ಗೇಟಿನಲ್ಲೇ ನಿಂತು ಒಂದು ಕಂದು ಗಾಜಿನ ಬಾಟಲಿಯನ್ನು ಕೊಟ್ಟರು. ‘ಸರಕಾರಿ ಸೊತ್ತು’ ಎಂದು ಅದರ ಮೇಲೆ ಕೆಂಪು ಚೀಟಿ ಇತ್ತು. “ಔಟ್‌ಲೆಟ್ ನೀರು ತುಂಬಿಸಿ, ತಂಪಲ್ಲಿ ಇಟ್ಟು, ನಾಳೆ ಹನ್ನೊಂದರೊಳಗೆ ತಲುಪಿಸಿ. ಫೇಲಾದ್ರೆ ನೀರಿನ ಕನೆಕ್ಷನ್ ಕಟ್ ಆದೀತು,” ಎಂದು ಕರವಸ್ತ್ರ ಮೂಗಿನಿಂದ ತೆಗೆಯದೆ ಹೇಳಿ ಕಾರು ಹತ್ತಿದರು.

ಬಾಟಲಿ ಸಹಜವಾಗಿ ರವೂಫಾಕರ ಕೈಗೆ ಬಂತು. ಮರುದಿನ ಬೆಳಿಗ್ಗೆ ಅವರು ಚನಿಯಣ್ಣನ ಜೊತೆ ನೆಲಮಾಳಿಗೆಗೆ ಇಳಿದರು. ಅಲ್ಲಿನ ಟ್ಯಾಂಕು ಸದ್ದಿಲ್ಲದೆ ಮಲಗಿತ್ತು. ನೀರಿಗೆ ಗಾಳಿ ಊದುವ ಬ್ಲೋವರಿನ ಮೇಲೆ ಬೆಕ್ಕೊಂದು ಮರಿ ಹಾಕಿತ್ತು.

“ಇದು ತಿರುಗುದಿಲ್ವಾ?” ಎಂದರು ರವೂಫಾಕ.

“ಮಳೆಗಾಲದಿಂದ ಬಂದ್ ಸರ್. ಕರೆಂಟ್ ತುಂಬಾ ತಿಂತದೆ ಅಂತ ಪೊರ್ಬುಗಳು ಬಂದ್ ಮಾಡ್ಲಿಕ್ಕೆ ಹೇಳಿದ್ದು,” ಎಂದರು ಚನಿಯಣ್ಣ. ಪೊರ್ಬುಗಳು ಎಂದರೆ ಸೈಮನ್ ಸರ್. “ಮತ್ತೆ ಟ್ಯಾಂಕಿನ ಆ ಗೋಡೆ ಸಹ ಬಿರುಕು ಬಿಟ್ಟಿದೆ. ಮೂರು ಸಲ ಹೇಳಿದೆ. ಎಂಜಿನಿಯರ್ರು ನೀವು, ನಿಮಗೆ ಗೊತ್ತಾಗ್ತದಲ್ಲ?”

ರವೂಫಾಕರಿಗೆ ಗೊತ್ತಾಗಲಿಲ್ಲ. ತಿರುವದೆ ಬಿಟ್ಟ ಸಾರು ತಳ ಹಿಡಿಯುತ್ತದೆ ಎಂದಷ್ಟೇ ಅವರ ಮನಸ್ಸಿಗೆ ಬಂತು. ಆದರೆ ಎಂಜಿನಿಯರ್ ಆದವನು ಸಾರಿನ ಮಾತಾಡಬಾರದಲ್ಲ. ಗಂಭೀರವಾಗಿ ತಲೆಯಾಡಿಸಿ, “ಹ್ಞೂಂ, ರೆಸ್ಟಲ್ಲಿ ಉಂಟು,” ಎಂದರು. ಮೂಗು ಮುಚ್ಚಿಕೊಂಡು ಡಾಂಬರಿನಂತಹ ನೀರನ್ನು ಬಾಟಲಿಗೆ ತುಂಬಿಸಿದರು. ತಂಪಿನಲ್ಲಿಡಬೇಕೆಂಬ ಸರಕಾರಿ ಆಜ್ಞೆಯಂತೆ ಮನೆಗೆ ತಂದು ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ ಇಟ್ಟರು. ಆಮೇಲೆ ದಾರಿಗೆ ಐಸ್ ಪೆಟ್ಟಿಗೆ ಬೇಕೆಂದು ಬಂದರಿನ ಮೀನು ಮಾರ್ಕೆಟ್ಟಿಗೆ ಹೊರಟರು.

ಆ ಅರ್ಧ ಗಂಟೆಯಲ್ಲಿ ಚರಿತ್ರೆ ನಡೆಯಿತು. ಹಾಲು ತೆಗೆಯಲು ಹೋದ ನಾಝಿಮಾ, ಇದೇನು ಹೊಸ ಜೇನುತುಪ್ಪವೋ ಎಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಮುಂದಿನ ಐದು ನಿಮಿಷ ಬಾಲ್ಕನಿಯಲ್ಲಿ ಕಳೆದರು. ಚೇತರಿಸಿಕೊಂಡು ನೋಡಿದರೆ ಚೀಟಿ: ಸರಕಾರಿ ಸೊತ್ತು. ಅಂದರೆ ಪರರ ಪಾತ್ರೆ.

ಪರರ ಪಾತ್ರೆಯ ವಿಷಯದಲ್ಲಿ ನಮ್ಮ ಊರಿನ ಹೆಂಗಸರಿಗೆ ಜಾತಿ ಧರ್ಮದ ಭೇದವಿಲ್ಲದ ಒಂದೇ ಕಾನೂನು. ಪಕ್ಕದ ಮನೆಯಿಂದ ಪಾಯಸ ಬಂದರೆ ಆ ಪಾತ್ರೆಯನ್ನು ಬೆಳಗಿ ತೊಳೆದು, ಬರಿದಾಗಿ ಕೊಡದೆ ಏನಾದರೊಂದು ಹಾಕಿ ಕಳಿಸಬೇಕು. ಕೊಳಕು ಪಾತ್ರೆ ಹಿಂತಿರುಗಿಸಿದ ಮನೆಯ ಹೆಸರು ಮೂರು ತಲೆಮಾರಿಗೆ ಏಳುವುದಿಲ್ಲ. ಕಚೇರಿಯ ಪಾತ್ರೆ ಈ ಸ್ಥಿತಿಯಲ್ಲಿ ಕಚೇರಿಗೆ ಹೋದರೆ, ‘ಇನ್ನೂರ ನಾಲ್ಕರ ನಾಝಿಮಾ ಹೀಗಾ’ ಎಂದು ಕೇಳುವುದಿಲ್ಲವೇ? ಅವರು ಒಳಗಿದ್ದುದನ್ನು ಕಕ್ಕಸಿಗೆ ಸುರಿದರು. ಉಪ್ಪಿನಕಾಯಿ ಭರಣಿಗೆ ಮಾಡುವ ಹಾಗೆ ಕುದಿಯುವ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಬಿಸಿಲಿನಲ್ಲಿ ಒಣಗಿಸಿದರು. ಬರಿದಾಗಿ ಕಳಿಸಬಾರದೆಂದು ಅಡಿಗೆಮನೆಯ ನಲ್ಲಿಯಿಂದ ತುಂಬ ಬಾವಿ ನೀರು ಹಿಡಿದು ಮತ್ತೆ ಫ್ರಿಜ್ಜಿನಲ್ಲಿಟ್ಟರು.

ರವೂಫಾಕ ಬಂದಾಗ ಅವರು ಹೇಳದೆ ಇರಲಿಲ್ಲ. “ನಿಮ್ಮ ಬಾಟ್ಲಿ ಸರಿ ಮಾಡಿ ಇಟ್ಟಿದ್ದೇನೆ, ನೋಡಿ,” ಎಂದರು.

“ಹ್ಞಾಂ,” ಎಂದರು ರವೂಫಾಕ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದವರು ಹೇಳುವ ಹ್ಞಾಂ. ಕಂದು ಗಾಜಿನೊಳಗೆ ಏನಿದೆಯೆಂದು ಹೊರಗಿನಿಂದ ಕಾಣುವುದೂ ಇಲ್ಲ.

ಹತ್ತು ದಿನಕ್ಕೆ ವರದಿ ಬಂತು. ಸೈಮನ್ ಸರ್ ಅದನ್ನು ಕಾರ್ ಪಾರ್ಕಿಂಗಿನಲ್ಲಿ ನಿಂತು ದೊಡ್ಡ ಸ್ವರದಲ್ಲಿ ಓದಿದರು. “ಸದರಿ ಮಾದರಿಯು ಶುದ್ಧೀಕರಿಸಿದ ಕೊಳಚೆ ನೀರಿನ ಎಲ್ಲ ಮಾನದಂಡಗಳಿಗೆ ಅನುಗುಣವಾಗಿದೆ. ತೋಟಕ್ಕೆ ಹಾಗೂ ಶೌಚಾಲಯಕ್ಕೆ ಬಳಸಬಹುದು. ಮಲದ ರೋಗಾಣುಗಳು ಇರುವುದರಿಂದ ಯಾವ ಕಾರಣಕ್ಕೂ ಕುಡಿಯತಕ್ಕದ್ದಲ್ಲ.” ಕೊನೆಯ ವಾಕ್ಯವನ್ನು ಅವರು ಸ್ವಲ್ಪ ಬೇಗ ಓದಿದರು. ಕೊಳಚೆ ನೀರನ್ನು ಕುಡಿಯಬೇಡಿ ಎನ್ನಲು ಸರಕಾರ ಬೇಕೇ?

ನಲವತ್ತೆರಡು ಕಟ್ಟಡಗಳಲ್ಲಿ ನಾವೊಬ್ಬರೇ ಪಾಸು! ಭಾನುವಾರ ಬಂದು ‘ನದಿ ಸ್ನೇಹಿ ಸಮುಚ್ಚಯ’ ಎಂಬ ಪ್ರಶಸ್ತಿ ಫಲಕ ಕೊಡುತ್ತೇವೆಂದು ಕಚೇರಿಯಿಂದ ಫೋನೂ ಬಂತು. ಸೈಮನ್ ಸರ್ ರವೂಫಾಕರನ್ನು ಮೂಲೆಗೆ ಎಳೆದುಕೊಂಡು ಹೋದರು.

“ಎಂಜಿನಿಯರ್ರೇ, ಬ್ಲೋವರ್ ಬಂದ್ ಉಂಟು. ಆದ್ರೂ ಪಾಸ್! ಎಂತ ಮಾಡಿದ್ರಿ ಮಾರಾಯ್ರೆ?”

ಏನು ಮಾಡಿದೆನೆಂದು ರವೂಫಾಕರಿಗೂ ಗೊತ್ತಿರಲಿಲ್ಲ. ಆದರೆ ಸುತ್ತ ಹದಿನೈದು ಜನ ನಿಂತಿದ್ದರು, ಎಲ್ಲರ ಕಣ್ಣಿನಲ್ಲೂ ಹಳದಿ ಹೆಲ್ಮೆಟ್ ಹೊಳೆಯುತ್ತಿತ್ತು. “ಅದು ಜುಬೈಲಿನಲ್ಲಿ ಒಂದು ಕ್ರಮ ಉಂಟು,” ಎಂದರು. “ರೆಸ್ಟ್ ಮೆಥಡ್ ಅಂತ. ನೀರನ್ನು ಸುಮ್ಮನೆ ಬಿಡುದು. ಅದು ಅದ್ರಷ್ಟಕ್ಕೆ ಸರಿಯಾಗ್ತದೆ.”

ಸುಮ್ಮನೆ ಬಿಟ್ಟರೆ ಸರಿಯಾಗುತ್ತದೆ ಎಂಬ ತಂತ್ರಜ್ಞಾನಕ್ಕಿಂತ ನಮ್ಮ ಜನರಿಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಎರಡೇ ದಿನದಲ್ಲಿ ಸುದ್ದಿ ಹರಡಿತು. ನದಿಯ ದಂಡೆಯ ಮೂರು ಕಟ್ಟಡಗಳವರು ಬಂದು ನೋಟ್ಸ್ ಬರೆದುಕೊಂಡು ಹೋಗಿ, ಅದುವರೆಗೆ ಹೇಗೋ ಓಡುತ್ತಿದ್ದ ತಮ್ಮ ಬ್ಲೋವರುಗಳನ್ನು ಅಂದೇ ಬಂದ್ ಮಾಡಿದರು. ನೇತ್ರಾವತಿಯಾಚೆಯ ತೊಕ್ಕೊಟ್ಟಿನ ಒಂದು ಅಸೋಸಿಯೇಶನ್ನಿನವರು ಉಪನ್ಯಾಸಕ್ಕೆ ಕರೆದು ಶಾಲು ಹೊದಿಸಿದರು. ಫಲ್ಗುಣಿಗೆ ಆಯಿತು, ಇನ್ನು ನೇತ್ರಾವತಿಗೂ ನಮ್ಮ ಎಂಜಿನಿಯರರ ಸೇವೆ ತಲುಪಿತೆಂದು ನಾವು ಹೆಮ್ಮೆಪಟ್ಟೆವು.

ಶುಕ್ರವಾರ ಮಧ್ಯಾಹ್ನ ನಮಾಝು ಮುಗಿಸಿ ಬಂದು ಊಟಕ್ಕೆ ಕೂತ ರವೂಫಾಕ, ವರದಿಯನ್ನು ಹೆಂಡತಿಗೆ ಆರನೇ ಸಲ ಓದಿ ಹೇಳಿದರು. ಮುಂದೆ ನಡೆದದ್ದನ್ನು ನಾಝಿಮಾ ಅವರೇ ಆಮೇಲೆ ನಮಗೆ ತಿಳಿಸಿದ್ದು.

“ಒಂದು ಸಂಶಯ. ಈ ಮಾದರಿ ಅಂದ್ರೆ ಯಾವುದು?” ಎಂದರು ನಾಝಿಮಾ.

“ಅದೇ, ಬಾಟ್ಲಿಯಲ್ಲಿ ಕೊಟ್ಟದ್ದು.”

“ಕಂದು ಬಾಟ್ಲಿಯಾ? ಕೆಂಪು ಚೀಟಿಯದ್ದಾ?”

“ಹೌದು. ಅದರೊಳಗಿದ್ದ ನೀರನ್ನೇ ಅವ್ರು ಟೆಸ್ಟ್ ಮಾಡಿದ್ದು.”

ನಾಝಿಮಾ ಬಡಿಸುವ ಸೌಟನ್ನು ಕೆಳಗಿಟ್ಟರು. “ಅದನ್ನು ನಾನು ಚೆಲ್ಲಿ ತೊಳೆದಿದ್ದೆನಲ್ಲ? ಹೇಳಿದ್ದೆ, ನೀವು ಹ್ಞಾಂ ಹೇಳಿದ್ರಿ.”

ರವೂಫಾಕ ಅನ್ನದ ತುತ್ತನ್ನು ತಟ್ಟೆಗೆ ಇಳಿಸಿದರು. “ಚೆಲ್ಲಿದ್ರೆ ಮತ್ತೆ ಅದ್ರಲ್ಲಿ ಇದ್ದದ್ದು ಎಂತ?”

“ಇದು,” ಎಂದು ನಾಝಿಮಾ ಮೇಜಿನ ಮೇಲಿದ್ದ ಕುಡಿಯುವ ನೀರಿನ ಜಗ್ಗನ್ನು ಬೊಟ್ಟು ಮಾಡಿದರು.

ಮೊದಲಿಗೆ ರವೂಫಾಕರಿಗೆ ತಾನು ಸುಳ್ಳು ಮಾದರಿ ಕೊಟ್ಟೆನಲ್ಲ ಎಂಬ ಭಯವಾಯಿತು. ಪ್ರಶಸ್ತಿ, ಶಾಲು, ಎಂಜಿನಿಯರ್ ಎಲ್ಲ ಒಟ್ಟಿಗೆ ಹೋಗುತ್ತದೆ. ಸಮಾಧಾನಕ್ಕೆಂದು ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಬಾಯಿಯ ತನಕ ತಂದರು. ಆಗ ವರದಿಯ ಕೊನೆಯ ವಾಕ್ಯ ನೆನಪಾಯಿತು. ಲೋಟ ಅಲ್ಲೇ ನಿಂತಿತು.

“ಬಾಟ್ಲಿಯಲ್ಲೇ ಸ್ವಲ್ಪ ಉಳಿದಿರಬಹುದಾ?” ಎಂದರು ಆಸೆಯಿಂದ.

“ಮೂರು ಸಲ ಕುದಿಸಿ ತೊಳೆದಿದ್ದೇನೆ. ನನ್ನ ಉಪ್ಪಿನಕಾಯಿ ಯಾವಾಗಾದ್ರೂ ಹಾಳಾದದ್ದುಂಟಾ?”

ಹಾಳಾದದ್ದಿರಲಿಲ್ಲ. ಆ ಮೂರು ಸಲದಲ್ಲಿ ರವೂಫಾಕರ ಕೊನೆಯ ಆಸೆಯೂ ತೊಳೆದುಹೋಯಿತು. ಚನಿಯಣ್ಣ ತೋರಿಸಿದ ಬಿರುಕು ಗೋಡೆಯ ಆಚೆ ಇದ್ದದ್ದು ಬಾವಿಯೇ. ಮಳೆಗಾಲದಿಂದ ನಾವು ಮೂವತ್ತಾರು ಮನೆಯವರು ನಮ್ಮದನ್ನೇ ಮತ್ತೆ ಕುಡಿಯುತ್ತಾ, ವಾರಿಜಕ್ಕನ ಮರುವಾಯಿಯನ್ನು ಬೈಯುತ್ತಿದ್ದೆವು.

“ಈಗಲೇ ಹೋಗಿ ಹೇಳಿ,” ಎಂದರು ನಾಝಿಮಾ.

“ಹೇಳಿದ್ರೆ ಎಲ್ಲ ಹೇಳ್ಬೇಕಾಗ್ತದೆ. ಪ್ರಶಸ್ತಿ ಒಂದು ಆಗಿಬಿಡ್ಲಿ.”

“ಪ್ರಶಸ್ತಿ ಆಗುವಷ್ಟು ದಿನ ಎಲ್ಲರೂ ಕುಡೀಲಿ ಅಂತಲಾ?”

ರವೂಫಾಕ ಇನ್ನೊಂದು ದಾರಿ ಹಿಡಿದರು. ಮನೆಮನೆಗೆ ಹೋಗಿ, ನೀರು ಕುದಿಸಿ ಕುಡಿದರೆ ಹೃದಯಕ್ಕೆ ಒಳ್ಳೆಯದು, ಜುಬೈಲಿನಲ್ಲಿ ಎಲ್ಲರೂ ಹಾಗೇ ಎಂದು ಬೋಧಿಸಿದರು. ನನ್ನ ಮನೆಗೂ ಬಂದಿದ್ದರು. ನಾನು ಅವರ ಎದುರಿಗೇ ನಲ್ಲಿಯಿಂದ ಒಂದು ಲೋಟ ಹಿಡಿದು ಕುಡಿದು, “ಇಂಥ ನೀರನ್ನು ಕುದಿಸುವುದೇ ಮಾರಾಯ್ರೆ?” ಎಂದೆ. ಅವರ ಮುಖದಲ್ಲಿ ಅಂದು ಕಂಡ ಸಂಕಟ ನನಗೆ ಅರ್ಥವಾಗಲಿಲ್ಲ.

ಸೈಮನ್ ಸರ್ ಅವರ ಮಡದಿ ಲವಿನಾ ಬಾಯಿಯಂತೂ ಬಾಗಿಲಿನಲ್ಲೇ ನಿಲ್ಲಿಸಿ ಹೇಳಿದರು, “ಕುದಿಸಿದ್ರೆ ಟೇಸ್ಟ್ ಹೋಗ್ತದೆ. ಈ ಮಳೆಗಾಲದ ನಂತರ ನಮ್ಮ ನೀರಿಗೆ ಒಂದು ಬೇರೆಯೇ ರುಚಿ ಬಂದಿದೆ, ಗಮನಿಸಿದ್ದೀರಾ? ಒಂದು ಥರ ದಪ್ಪ. ಚಹಾ ಎಷ್ಟು ಒಳ್ಳೆದಾಗ್ತದೆ!”

ರವೂಫಾಕ ಮೆಟ್ಟಿಲಿಳಿದರು. ಶನಿವಾರ ಬೆಳಿಗ್ಗೆ ಬಾವಿಯ ಪಂಪಿನ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡರು. ಹತ್ತು ನಿಮಿಷದಲ್ಲಿ ಕಟ್ಟಡದಲ್ಲಿ ದಂಗೆ ಎದ್ದಿತು. ತಲೆಯಲ್ಲಿ ಸಾಬೂನಿನ ನೊರೆ ಹೊತ್ತುಕೊಂಡೇ ಕೆಳಗೆ ಬಂದ ಸೈಮನ್ ಸರ್, ಚನಿಯಣ್ಣನ ಕೈಯಿಂದ ಹೊಸ ಫ್ಯೂಸು ಹಾಕಿಸಿದರು. “ನಾಳೆ ಸಾಹೇಬ್ರು ಬರ್ತಾರೆ. ಅವ್ರಿಗೆ ನಮ್ಮ ಬಾವಿ ನೀರೇ ಕುಡೀಲಿಕ್ಕೆ ಕೊಡುದು. ಪ್ಯಾಕೆಟ್ ನೀರು ಈ ಕಾಂಪೌಂಡಿನ ಒಳಗೆ ಬರ್ಬಾರ್ದು,” ಎಂದು ಅಪ್ಪಣೆಯಾಯಿತು. “ಮತ್ತೆ ಎಂಜಿನಿಯರ್ರೇ, ಡಿಸ್‌ಪ್ಲೇಗೆ ಒಂದು ಜಗ್ ಎಸ್‌ಟಿಪಿ ನೀರು ಬೇಕು. ಪೇಪರಿನವರು ಫೋಟೋ ತೆಗೀತಾರೆ.”

ಭಾನುವಾರ ಹತ್ತು ಗಂಟೆಗೆ ಶಾಮಿಯಾನದ ಕೆಳಗೆ ನಾವೆಲ್ಲ ಇಸ್ತ್ರಿಯಾಗಿ ಕೂತಿದ್ದೆವು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಹೆಲ್ಮೆಟ್ ಧರಿಸಿದ ರವೂಫಾಕ ಹತ್ತಡಿ ಎತ್ತರ ನಿಂತಿದ್ದರು. ನಿಜವಾದ ರವೂಫಾಕ ಅದರ ಕೆಳಗೆ ಒಂದು ಅಡಿಯಷ್ಟಾಗಿದ್ದರು. ಮೇಜಿನ ಮೇಲೆ ಎರಡು ಗಾಜಿನ ಜಗ್ಗುಗಳಿದ್ದವು. ಒಂದಕ್ಕೆ ‘ಶುದ್ಧೀಕರಿಸಿದ ಕೊಳಚೆ ನೀರು’ ಎಂದೂ ಇನ್ನೊಂದಕ್ಕೆ ‘ನಮ್ಮ ಬಾವಿ ನೀರು’ ಎಂದೂ ಚೀಟಿ ಅಂಟಿಸಿತ್ತು. ಎರಡನ್ನೂ ರವೂಫಾಕರೇ ಒಂದೇ ನಲ್ಲಿಯಿಂದ ತುಂಬಿಸಿದ್ದರು. ವರದಿಯಲ್ಲಿ ಪಾಸಾದ ನೀರು ಇನ್ನೆಲ್ಲಿ ಸಿಗಬೇಕು?

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ವಾರಿಜಕ್ಕ ಬುಟ್ಟಿ ಹೊತ್ತು ನಿಂತಿದ್ದರು.

“ನಿಮಗೆ ನದಿಯ ಲೆಕ್ಕದಲ್ಲಿ ಪ್ರಶಸ್ತಿ ಅಂತಲ್ಲ?” ಎಂದು ಅವರು ಗೇಟಿಗೆ ಓಡಿಬಂದ ರವೂಫಾಕರನ್ನೇ ಹಿಡಿದರು. “ನಿಮ್ಮ ನೀರು ಶುದ್ಧ ಆದ್ರೆ ನನ್ನ ಮರುವಾಯಿ ಹೇಗೆ ಹಾಳು? ಮರುವಾಯಿ ಹಾಳಾದ್ರೆ ನಿಮ್ಮ ನೀರು ಹೇಗೆ ಶುದ್ಧ? ಎರಡರಲ್ಲಿ ಒಂದು ಸುಳ್ಳು. ಒಂದಾ ಆ ಬ್ಯಾನರ್ ತೆಗೀರಿ, ಒಂದಾ ಈ ನೋಟಿಸ್ ತೆಗೀರಿ. ನಾನು ಓದಿದವಳಲ್ಲ ಬ್ಯಾರಿಯವ್ರೆ. ನೀವು ಎಂಜಿನಿಯರ್, ನೀವೇ ಹೇಳಿ.”

“ಫಂಕ್ಷನ್ ಮುಗೀಲಿ, ಮತ್ತೆ ನೋಡುವ!” ಎಂದು ಸೈಮನ್ ಸರ್ ರವೂಫಾಕರನ್ನು ತೋಳು ಹಿಡಿದು ವೇದಿಕೆಗೆ ಎಳೆದೊಯ್ದರು. ವಾರಿಜಕ್ಕ ಹೋಗಲಿಲ್ಲ. ಬುಟ್ಟಿ ಇಳಿಸಿ, ನೋಟಿಸಿನ ಕೆಳಗೇ ಕೂತರು. ವೇದಿಕೆಯಿಂದ ರವೂಫಾಕರಿಗೆ ನೇರ ಕಾಣುತ್ತಿದ್ದದ್ದು ಅವರೊಬ್ಬರೇ.

ಮುಖೇಶ್ ಸರ್ ಬಂದರು. ನದಿ ನಮ್ಮ ತಾಯಿ ಎಂದು ಮೂರು ಸಲ ಹೇಳಿದರು. ತೋಡಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ತಾಯಿಯ ವಿಷಯವನ್ನು ಕರವಸ್ತ್ರದೊಳಗಿಂದ ಮಾತಾಡಿದರು. ಫಲಕವನ್ನು ರವೂಫಾಕರ ಕೈಗಿತ್ತರು, ನಾವು ಚಪ್ಪಾಳೆ ತಟ್ಟಿದೆವು. ಸೈಮನ್ ಸರ್ 'ಶುದ್ಧೀಕರಿಸಿದ' ಜಗ್ಗಿನಿಂದ ಒಂದು ಲೋಟ ತುಂಬಿಸಿ ಅಧಿಕಾರಿಗಳ ಮುಂದೆ ಹಿಡಿದರು.

“ಸರ್, ಒಂದು ಸಿಪ್. ಪೇಪರಿನವರಿಗೆ.”

ಮುಖೇಶ್ ಸರ್ ಕುರ್ಚಿಸಮೇತ ಅರ್ಧ ಅಡಿ ಹಿಂದೆ ಹೋದರು. “ಇದಾ? ಛೆ ಛೆ! ರಿಪೋರ್ಟ್ ಓದ್ಲಿಲ್ವಾ ನೀವು? ಅದರಲ್ಲಿ ಎಂತೆಂತ ಉಂಟು! ನಾನೇ ಸಹಿ ಹಾಕಿದ್ದು. ಅದನ್ನು ಗಿಡಕ್ಕೆ ಹಾಕಿ ಮಾರಾಯ್ರೆ. ನನಗೆ ನಿಮ್ಮ ಬಾವಿ ನೀರು ಕೊಡಿ, ಭಾರೀ ಹೆಸರು ಕೇಳಿದ್ದೇನೆ.”

ಲವಿನಾ ಬಾಯಿ ಸಂಭ್ರಮದಿಂದ ಎರಡನೆಯ ಜಗ್ಗನ್ನು ಬಗ್ಗಿಸಿದರು, ಬೆಲ್ಲದ ತಟ್ಟೆಯನ್ನೂ ಮುಂದಿಟ್ಟರು. ಅಧಿಕಾರಿಗಳು ಲೋಟವನ್ನು ಬೆಳಕಿಗೆ ಹಿಡಿದು, “ನೋಡಿ, ನೋಡಿ, ಇದಕ್ಕೆ ಹೇಳುದು ನೀರು ಅಂತ!” ಎಂದು ಬಾಯಿಗೆ ತಂದರು.

ರವೂಫಾಕ ಗೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಪ್ರಶಸ್ತಿ ಫಲಕದಿಂದಲೇ ಲೋಟಕ್ಕೆ ಒಂದು ಹೊಡೆತ ಕೊಟ್ಟರು. ನೀರು ಅಧಿಕಾರಿಗಳ ಅಂಗಿಗೆ ಚೆಲ್ಲಿತು.

“ಕುಡಿಯಬೇಡಿ ಸರ್! ನೀವು ಪ್ರಶಸ್ತಿ ಕೊಟ್ಟದ್ದು ಇದಕ್ಕೇ! ಎರಡು ಜಗ್ಗಿನಲ್ಲೂ ಒಂದೇ ನೀರು. ಬಾಟ್ಲಿಯಲ್ಲಿ ಬಂದದ್ದು ನಮ್ಮ ಬಾವಿಯದ್ದು. ಎಸ್‌ಟಿಪಿ ಓಡದೆ ಆರು ತಿಂಗಳಾಯ್ತು, ಟ್ಯಾಂಕಿನ ಗೋಡೆ ಒಡೆದು ಬಾವಿಗೆ ಬರ್ತಾ ಉಂಟು. ನಾವು ಎಲ್ಲರೂ ಅದನ್ನೇ ಕುಡಿಯುದು. ಮರುವಾಯಿಯಲ್ಲಿ ಎಂತದೂ ಇರ್ಲಿಲ್ಲ. ಆ ನೋಟಿಸಿಗೆ ಸಹಿ ಹಾಕಿದವ ನಾನು. ನಾನು ಎಂಜಿನಿಯರ್ ಅಲ್ಲ, ಆ ಪ್ಲಾಂಟಿನಲ್ಲಿ ಮುನ್ನೂರು ಜನರಿಗೆ ಬಿರಿಯಾನಿ ಮಾಡ್ತಿದ್ದ ಅಡಿಗೆಯವ!”

ಲವಿನಾ ಬಾಯಿ ತಮ್ಮ ಚಹಾದ ರುಚಿಯನ್ನು ನೆನೆದು ಬಾಯಿ ಮುಚ್ಚಿಕೊಂಡು ಮನೆ ಕಡೆ ಓಡಿದರು. ಅವರ ಹಿಂದೆ ಅರ್ಧ ಸಭೆ ಓಡಿತು. ನಾನು ಶುಕ್ರವಾರ ಜಂಬದಿಂದ ಕುಡಿದ ಆ ಲೋಟವನ್ನು ನೆನೆಯುತ್ತಾ ಕೂತಲ್ಲೇ ಉಳಿದೆ. ಮುಖೇಶ್ ಸರ್ ಮಾತ್ರ ಧೃತಿಗೆಡಲಿಲ್ಲ. “ಇದನ್ನು ನಾನು ಕೇಳಿಲ್ಲ,” ಎಂದರು. “ಪ್ರಶಸ್ತಿ ಕೊಡ್ಲಿಕ್ಕೆ ನಮ್ಮಲ್ಲಿ ಫಾರ್ಮ್ ಉಂಟು, ವಾಪಸ್ ತಗೊಳ್ಳಿಕ್ಕೆ ಫಾರ್ಮ್ ಇಲ್ಲ. ಮೂರು ವರ್ಷದ ತನಕ ನೀವು ಪಾಸೇ.” ಒಂದು ಹನಿಯೂ ಕುಡಿಯದಿದ್ದರೂ ಕಾರಿನಲ್ಲಿದ್ದ ಪ್ಯಾಕೆಟ್ ನೀರಿನಿಂದ ನಾಲ್ಕು ಸಲ ಬಾಯಿ ಮುಕ್ಕಳಿಸಿ ಹೊರಟುಹೋದರು.

ಸೈಮನ್ ಸರ್ ಬ್ಯಾನರಿನಿಂದ ರವೂಫಾಕರ ಕಡೆ ತಿರುಗಿದರು. “ಮುನ್ನೂರು ಜನರಿಗೆ ಬಿರಿಯಾನಿ ಮಾಡುವವ್ರು,” ಎಂದರು, ಕಣ್ಣಿನಲ್ಲಿ ನೀರು ತುಂಬಿಕೊಂಡು. “ಐದು ವರ್ಷದಿಂದ ನಮ್ಮ ಜೊತೆ ಇದ್ದೀರಿ. ಒಂದು ದಿನ ಆದ್ರೂ ಹೇಳ್ಲಿಲ್ಲ. ನಾವು ಅಸೋಸಿಯೇಶನ್ನಿನ ವಾರ್ಷಿಕೋತ್ಸವಕ್ಕೆ ಹೊರಗಿನಿಂದ ತರಿಸಿ ತಿಂದೆವು!”

ನಾಝಿಮಾ ಅಂದು ಸಂಜೆ ಗಂಡನಿಗೆ ಮೊದಲ ಬಾರಿಗೆ ಎಲ್ಲರ ಎದುರು, “ಇವತ್ತು ನನಗೆ ಖುಷಿ ಆಯ್ತು,” ಎಂದರು. ರವೂಫಾಕರಿಗೂ ಆಗಿತ್ತು. ಊರಿಗೆ ಬಂದ ಮೇಲೂ ಐದು ವರ್ಷ ತಲೆಯ ಮೇಲಿದ್ದ ಹೆಲ್ಮೆಟ್ ಇಳಿದಿತ್ತು.

ಆಮೇಲಿನ ಕೆಲಸವನ್ನು ಅವರು ಅಡಿಗೆಯವರಾಗಿಯೇ ಮಾಡಿದರು. ಬೆಕ್ಕಿಗೂ ಮರಿಗಳಿಗೂ ಬೇರೆ ಮನೆ ಕೊಟ್ಟು, ಚನಿಯಣ್ಣನ ಜೊತೆ ಬ್ಲೋವರ್ ಶುರುಮಾಡಿದರು. ಅದನ್ನು ನೋಡಲು ಬಂದ ನಿಜವಾದ ತಂತ್ರಜ್ಞನೊಬ್ಬ, ಚೆನ್ನಾಗಿ ನಡೆಯುವ ಘಟಕದಿಂದ ಸ್ವಲ್ಪ ಕೆಸರು ತಂದು ಹಾಕಬೇಕು, ಅದರಲ್ಲಿರುವ ಜೀವಾಣುಗಳಿಗೆ ಗಾಳಿ ಕೊಟ್ಟರೆ ಹೊಲಸನ್ನು ತಿಂದು ಬೆಳೆಯುತ್ತವೆ ಎಂದು ವಿವರಿಸಿದ. “ಇಷ್ಟೇಯಾ? ಹೊಸ ಹಿಟ್ಟಿಗೆ ನಿನ್ನೆಯ ಹಿಟ್ಟು ಒಂದು ಸೌಟು ಹಾಕುದಲ್ವಾ?” ಎಂದರು ರವೂಫಾಕ. ಅಂದಿನಿಂದ ದಿನಕ್ಕೆ ಎರಡು ಸಲ ಇಳಿದು, ತಿರುಗುತ್ತಿದೆಯೇ, ತಳ ಹಿಡಿದಿದೆಯೇ, ವಾಸನೆ ಹೇಗಿದೆ ಎಂದು ನೋಡುತ್ತಾರೆ. ಗೋಡೆ ಹೊಸದಾಗಿ ಕಟ್ಟಿದೆವು. ಬಾವಿಯನ್ನು ಬರಿದು ಮಾಡಿ ತೊಳೆದು, ಎರಡು ಬೇರೆ ಕಡೆ ಪರೀಕ್ಷೆ ಮಾಡಿಸುವ ತನಕ ಮೂರು ತಿಂಗಳು ಟ್ಯಾಂಕರ್ ನೀರಿನಲ್ಲಿ ಬದುಕಿದೆವು. ರೆಸ್ಟ್ ಮೆಥಡ್ ಕಲಿತ ಮೂರು ಕಟ್ಟಡಗಳಿಗೂ ತೊಕ್ಕೊಟ್ಟಿಗೂ ರವೂಫಾಕ ಹೋಗಿ ಕ್ಷಮೆ ಕೇಳಿ ಬಂದರು. ಶಾಲು ವಾಪಸು ಕೊಟ್ಟರಂತೆ. ನಾವು ಹೊಸ ಮಾದರಿ ತುಂಬಿಸಿಕೊಂಡು ಕಚೇರಿಗೆ ಹೋದರೆ, ಪಾಸಾದವರು ಮತ್ತೆ ಬರುವ ಕ್ರಮ ಇಲ್ಲವೆಂದು ತಿರುಗಿಸಿ ಕಳಿಸಿದರು.

ಗೇಟಿನ ನೋಟಿಸನ್ನು ಕೈಯಾರೆ ಹರಿದ ರವೂಫಾಕ, ಘಟಕ ಶುರುವಾಗಿ ಎರಡು ತಿಂಗಳಾದ ಮೇಲೆ ದೋಣಿ ಹತ್ತಿ ಬೆಂಗ್ರೆಗೆ ಹೋಗಿ ವಾರಿಜಕ್ಕನನ್ನು ಕರೆದರು. ಅವರು ಒಪ್ಪಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ಮುಂದಿನ ಶನಿವಾರ ಬುಟ್ಟಿ ಹೊತ್ತುಕೊಂಡೇ ಬಂದರು. ನಾವು ಪಾತ್ರೆ ಹಿಡಿದು ಕೆಳಗೆ ಓಡಿದೆವು. ಅವರು ನಮ್ಮನ್ನು ದಾಟಿ ಸೀದಾ ಹಿಂಬದಿಗೆ ಹೋಗಿ, ತೋಡಿಗೆ ನೀರು ಬೀಳುವಲ್ಲಿ ಬೊಗಸೆಯೊಡ್ಡಿ, ಮೂಸಿ, ಚೆಲ್ಲಿದರು. “ಆಗ್ಲಿಲ್ಲ,” ಎಂದು ತುಂಬಿದ ಬುಟ್ಟಿಯೊಂದಿಗೆ ಹಿಂದೆ ಹೋದರು. ಅದರ ಮುಂದಿನ ಶನಿವಾರವೂ ಹಾಗೆಯೇ ಆಯಿತು. ಐದು ಶನಿವಾರ ನಾವು ಖಾಲಿ ಪಾತ್ರೆ ಹಿಡಿದು ಮೇಲೆ ಹೋದೆವು.

ಆರನೆಯ ಶನಿವಾರ ಅವರು ಹಿಂಬದಿಯಿಂದ ಬಂದು, ಬುಟ್ಟಿ ಇಳಿಸಿ ಮೆಟ್ಟಿಲಿನ ಮೇಲೆ ಕೂತರು. ನಾಝಿಮಾ ಬೆಲ್ಲ ನೀರು ತಂದಿಟ್ಟರು. ಹೊಸದಾಗಿ ತೊಳೆದ ಬಾವಿಯ ನೀರು. ಮೂವತ್ತಾರು ಬಾಲ್ಕನಿಗಳು ತುಂಬಿಹೋಗಿದ್ದವು. ರವೂಫಾಕ ನೆಲಮಾಳಿಗೆಯ ಬಾಗಿಲಿನಲ್ಲಿ ನಿಂತಿದ್ದರು. ವಾರಿಜಕ್ಕ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ಚೆಂಬನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ತಲೆಯೆತ್ತಿ ಗಟಗಟನೆ ಅಷ್ಟೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಹ್ಞೂಂ,” ಎಂದು ಬುಟ್ಟಿಯ ಮುಚ್ಚಳ ತೆಗೆದರು. “ಪಾತ್ರೆ ತನ್ನಿ. ತೊಳೆದು ತನ್ನಿ.”